ಚಳಿಯ ಮೇಲೆ ಹೊರಿಸಿದ ತಪ್ಪು

ಡಿಸೆಂಬರ್–ಜನವರಿಯ ಮಾರ್ಗಳಿ ತಿಂಗಳ ಬೆಳಗಿನ ಜಾವ ಕೊಯಮತ್ತೂರಿನ ಹತ್ತಿರದ ಅನ್ನೂರಿನ ಯಾವುದಾದರೂ ಬೀದಿಯಲ್ಲಿ ಹಳೆಯ ಅಂಬಾಸಡರ್ ಒಂದರ ಸೆಲ್ಫ್ ಮತ್ತೆ ಮತ್ತೆ ಕೂಗಿ, ಇಂಜಿನ್ ಮಾತ್ರ ಹಿಡಿಯದೆ ಸುಮ್ಮನಾದರೆ ಸುತ್ತ ನಿಂತವರ ತೀರ್ಪು ಒಂದೇ: ಚಳಿ. ಬೀದಿಯಲ್ಲಿ ಆ ಮಾತು ತಮಿಳಿನಲ್ಲಿ ಬರುತ್ತದೆ, ಕೊಯಮತ್ತೂರು ಸೀಮೆಯ ಒಕ್ಕಲಿಗರ, ದೇವಾಂಗರ ಮನೆಯೊಳಗೆ ಕನ್ನಡದಲ್ಲಿ ಬರುತ್ತದೆ, ಅರ್ಥ ಬದಲಾಗುವುದಿಲ್ಲ. ತೀರ್ಪಿನ ಬೆನ್ನಿಗೇ ಶಿಕ್ಷೆಯೂ ಸಿದ್ಧವಾಗಿರುತ್ತದೆ. ಬಾನೆಟ್ ಎತ್ತಿ, ಏರ್ ಫಿಲ್ಟರ್ ತೆಗೆದು, ಕಾರ್ಬೊರೇಟರನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುವುದು. ನನ್ನ ವಾದ ಈ ತೀರ್ಪಿಗೂ ಶಿಕ್ಷೆಗೂ ವಿರುದ್ಧವಾದದ್ದು. ಅನ್ನೂರಿನಂಥ ಊರಿನಲ್ಲಿ ಬೆಳಗ್ಗೆ ಕಾರು ಹಿಡಿಯದಿರುವುದಕ್ಕೆ ಚಳಿ ಕಾರಣವಲ್ಲ, ರಾತ್ರಿ ಕಾರಣ. ಎಂಟು-ಹತ್ತು ಗಂಟೆ ಸುಮ್ಮನೆ ನಿಂತಿದ್ದಾಗ ಕಾರಿನೊಳಗೆ ಏನೋ ಇಳಿದುಹೋಗಿದೆ, ಏನೋ ಆರಿಹೋಗಿದೆ, ಎಲ್ಲೋ ತೇವ ಕೂತಿದೆ. ಅದನ್ನು ಹುಡುಕುವವರು ಕಾರ್ಬೊರೇಟರಿನ ಸ್ಕ್ರೂಗಳಿಗೆ ಎಲ್ಲಕ್ಕಿಂತ ಕೊನೆಯಲ್ಲಿ ಕೈ ಹಾಕಬೇಕು.

ಮೊದಲು ಚಳಿಯ ಲೆಕ್ಕವನ್ನೇ ನೋಡೋಣ. ಕೊಯಮತ್ತೂರಿನ ಸುತ್ತ ಡಿಸೆಂಬರ್–ಜನವರಿಯ ಬೆಳಗುಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 18–19 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮನುಷ್ಯರಿಗೆ ಅದು ಮಫ್ಲರ್ ಸುತ್ತಿಕೊಳ್ಳುವ ಚಳಿ. ಬ್ಯಾಟರಿಗೆ ಅದು ಚಳಿಯೇ ಅಲ್ಲ. ಸೀಸ–ಆಮ್ಲದ ಬ್ಯಾಟರಿಯೊಂದು 27 ಡಿಗ್ರಿಯಲ್ಲಿ ಕೊಡುವ ಶಕ್ತಿಯ ಮೂರನೆಯ ಒಂದು ಭಾಗವನ್ನು ಕಳೆದುಕೊಳ್ಳುವುದು ಸೊನ್ನೆ ಡಿಗ್ರಿಗೆ ಇಳಿದಾಗ. 18 ಡಿಗ್ರಿಯಲ್ಲಿ ಕಳೆದುಕೊಳ್ಳುವುದು ತೀರ ಅಲ್ಪ. ನಮ್ಮ ಕಾರುಗಳಲ್ಲಿ ಹಾಕುವ 20ಡಬ್ಲ್ಯೂ–40 ಆಯಿಲ್ ಕೂಡ ಅಷ್ಟು ತಂಪಿಗೆ ಗಟ್ಟಿಯಾಗಿ ಇಂಜಿನನ್ನು ಹಿಡಿದಿಡುವುದಿಲ್ಲ. ಅಂಬಾಸಡರಿನ 1489 ಸಿಸಿ ಇಂಜಿನ್ನಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಇದೇ ಇಂಜಿನ್ನು ಹಿಮ ಬೀಳುವ ಊರುಗಳಲ್ಲಿ, ಬಯಲಿನಲ್ಲಿ ರಾತ್ರಿ ಕಳೆದು, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿತ್ತು. ಅಲ್ಲಿ ಸೊನ್ನೆಯಲ್ಲಿ ಹಿಡಿದ ಇಂಜಿನ್ ಇಲ್ಲಿ 18 ಡಿಗ್ರಿಯಲ್ಲಿ ಹಿಡಿಯದಿದ್ದರೆ ಬೇರೆ ಯಾರದೋ ತಪ್ಪನ್ನು ಚಳಿ ಹೊತ್ತುಕೊಂಡಿದೆ ಎಂದೇ ಅರ್ಥ.

ಹಾಗಾದರೆ ತಣ್ಣಗಿರುವ ಇಂಜಿನ್ನಿಗೆ ಯಾವ ಕಷ್ಟವೂ ಇಲ್ಲವೇ? ಇದೆ, ಅದನ್ನು ಸರಿಯಾಗಿ ತಿಳಿಯಬೇಕು. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಉರಿಯುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬುದು ಪೂರ್ತಿ ಉರಿಯುವ ಮಿಶ್ರಣದ ಲೆಕ್ಕ. ಆದರೆ ಬೆಳಗಿನ ಇಂಜಿನ್ನಿನ ಮ್ಯಾನಿಫೋಲ್ಡ್ ಗೋಡೆ ತಣ್ಣಗಿರುವುದರಿಂದ ಒಳಬಂದ ಪೆಟ್ರೋಲಿನ ಹಗುರ ಅಂಶ ಮಾತ್ರ ಆವಿಯಾಗುತ್ತದೆ. ಉಳಿದದ್ದು ಗೋಡೆಗೆ ಅಂಟಿ ಹನಿಯಾಗಿ ಹರಿಯುತ್ತದೆ. ಇದರ ಜೊತೆಗೆ ಇನ್ನೊಂದು ಕೊರತೆ: ಸೆಲ್ಫ್ ಇಂಜಿನ್ನನ್ನು ತಿರುಗಿಸುವುದು ನಿಮಿಷಕ್ಕೆ ಇನ್ನೂರು ಸುತ್ತಿನ ಒಳಗೆ. ಆ ನಿಧಾನದಲ್ಲಿ ಕಾರ್ಬೊರೇಟರಿನ ಇಕ್ಕಟ್ಟಾದ ಗಂಟಲಿನ ಮೂಲಕ ಹಾಯುವ ಗಾಳಿಗೆ ಮೇನ್ ಜೆಟ್‌ನಿಂದ ಪೆಟ್ರೋಲ್ ಎಳೆದುಕೊಳ್ಳುವ ಬಲ ಇರುವುದಿಲ್ಲ. ಚೋಕ್ ಬೇಕಾಗುವುದು ಈ ಎರಡು ಕೊರತೆಗಳನ್ನು ತುಂಬುವುದಕ್ಕೆ. ಆದ್ದರಿಂದ 18 ಡಿಗ್ರಿಯಲ್ಲೂ ಚೋಕ್ ಬೇಕು, ಏಪ್ರಿಲ್ ಬೆಳಗಿನ 25 ಡಿಗ್ರಿಯಲ್ಲೂ ಸ್ವಲ್ಪ ಬೇಕು. ಚೋಕ್ ಎಳೆದರೆ ಹಿಡಿಯುವ ಕಾರು ಆರೋಗ್ಯವಾಗಿಯೇ ಇದೆ. ಪೂರ್ತಿ ಚೋಕ್ ಎಳೆದರೂ ಹಿಡಿಯದ ಕಾರಿನ ಬಗ್ಗೆ ಮಾತ್ರ ಚಿಂತೆ.

ಅಂಥ ಕಾರಿನ ಮುಂದೆ ನಿಂತು ಕೇಳಬೇಕಾದ ಮೊದಲ ಪ್ರಶ್ನೆಗೆ ಉತ್ತರವನ್ನು ಪ್ಲಗ್ಗೇ ಕೊಡುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದಾದ ಮೇಲೆ ಒಂದು ಪ್ಲಗ್ ಬಿಚ್ಚಿ ತುದಿಯನ್ನು ನೋಡಬೇಕು. ಒಣಗಿದೆಯೇ, ಒದ್ದೆಯಾಗಿದೆಯೇ? ಒಣಗಿದ್ದರೆ ಪೆಟ್ರೋಲ್ ಒಳಗೆ ಬಂದೇ ಇಲ್ಲ, ಕರೆಂಟನ್ನು ಶಂಕಿಸುವುದು ವ್ಯರ್ಥ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ತನ್ನ ಕೆಲಸ ಮಾಡಿದೆ, ಕಿಡಿ ಮಾಡಿಲ್ಲ. ಪ್ಲಗ್ ಸ್ಪ್ಯಾನರೊಂದರಿಂದ ಎರಡು ನಿಮಿಷದಲ್ಲಿ ಆಗುವ ಈ ಪರೀಕ್ಷೆ ಶಂಕಿಸಬಹುದಾದ ರೋಗಗಳಲ್ಲಿ ಅರ್ಧವನ್ನೇ ಪಟ್ಟಿಯಿಂದ ಅಳಿಸಿಬಿಡುತ್ತದೆ. ಇದನ್ನು ಮಾಡದೆ ಕಾರ್ಬೊರೇಟರ್ ಬಿಚ್ಚುವುದು ನಾಡಿ ಹಿಡಿಯದೆ ಹೊಟ್ಟೆ ಕೊಯ್ದಂತೆ.

ಪ್ಲಗ್ ಒಣಗಿದ್ದರೆ ರಾತ್ರಿಯ ಕಡೆಗೆ ತಿರುಗಬೇಕು. ಕಾರ್ಬೊರೇಟರಿನ ಫ್ಲೋಟ್ ಚೇಂಬರು ಒಂದು ಸಣ್ಣ ಬಟ್ಟಲು. ಹೊರಗಾಳಿಗೆ ತೆರೆದ ಬಟ್ಟಲು. ಸಂಜೆ ಅವಿನಾಶಿಯಿಂದಲೋ ಮೇಟ್ಟುಪ್ಪಾಳಯದಿಂದಲೋ ಬಂದು ಕಾರು ನಿಲ್ಲಿಸಿದ ಕೂಡಲೇ ಇಂಜಿನ್ ತಣ್ಣಗಾಗುವುದಿಲ್ಲ. ಫ್ಯಾನ್ ನಿಂತಿರುತ್ತದೆ, ನೀರು ಓಡುವುದಿಲ್ಲ, ಬಾನೆಟ್ಟಿನ ಕೆಳಗಿನ ಬಿಸಿ ಇನ್ನಷ್ಟು ಏರುತ್ತದೆ. ಬಟ್ಟಲಿನ ಪೆಟ್ರೋಲ್ ಆ ಬಿಸಿಗೆ ಆವಿಯಾಗಿ ಇಳಿಯುತ್ತದೆ, ಅದರಲ್ಲೂ ಬೆಳಗ್ಗೆ ಬೇಕಾದ ಹಗುರ ಅಂಶವೇ ಮೊದಲು ಹಾರಿಹೋಗುತ್ತದೆ. ಇನ್ನೊಂದೆಡೆ, ಕ್ಯಾಮ್‌ಶಾಫ್ಟಿನಿಂದ ನಡೆಯುವ ಮೆಕ್ಯಾನಿಕಲ್ ಪಂಪಿನ ವಾಲ್ವು ಸವೆದಿದ್ದರೆ ಪೈಪಿನಲ್ಲಿದ್ದ ಪೆಟ್ರೋಲ್ ರಾತ್ರಿಯೆಲ್ಲ ಮೆಲ್ಲನೆ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತದೆ. ಬೆಳಗ್ಗೆ ಸೆಲ್ಫ್ ಹೊಡೆದಾಗ ಮೊದಲ ಅರ್ಧ ನಿಮಿಷ ಪಂಪು ಬರಿಯ ಗಾಳಿಯನ್ನು ಎಳೆಯುತ್ತಿರುತ್ತದೆ. ಬಟ್ಟಲು ತುಂಬುವ ಹೊತ್ತಿಗೆ ಬ್ಯಾಟರಿ ಸೋತಿರುತ್ತದೆ. ಇದನ್ನು ಸಾಬೀತು ಮಾಡುವುದು ಸುಲಭ. ಆ ಕಾಲದ ಅನೇಕ ಪಂಪುಗಳಿಗೆ ಕೈಯಿಂದ ಒತ್ತುವ ಒಂದು ಸಣ್ಣ ಲಿವರ್ ಇತ್ತು. ಸೆಲ್ಫ್ ಮುಟ್ಟುವ ಮುಂಚೆ ಅದನ್ನು ಹದಿನೈದು-ಇಪ್ಪತ್ತು ಸಲ ಒತ್ತಿ, ಆಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಿ. ಒಂದೇ ಏಟಿಗೆ ಹಿಡಿದರೆ ರೋಗ ಪಂಪಿನಲ್ಲಿ, ಅಥವಾ ಟ್ಯಾಂಕಿನಿಂದ ಪಂಪಿನವರೆಗಿನ ಸೀಳಿದ ರಬ್ಬರ್ ಹೋಸ್‌ನಲ್ಲಿ. ಕಾರ್ಬೊರೇಟರು ಖಾಲಿ ಬಟ್ಟಲು ಹಿಡಿದು ಕಾಯುತ್ತಿತ್ತು, ಅಷ್ಟೇ.

ಪ್ಲಗ್ ಒದ್ದೆಯಾಗಿದ್ದರೆ ಕತೆ ಕರೆಂಟಿನದು. ಈ ಇಡೀ ವಾದಕ್ಕೆ ಅತ್ಯಂತ ಬಲವಾದ ಸಾಕ್ಷ್ಯ ಇರುವುದೂ ಇಲ್ಲೇ. ‘ಸೆಲ್ಫಿಗೆ ಹಿಡಿಯೋದಿಲ್ಲ, ತಳ್ಳಿದರೆ ಹಿಡಿಯುತ್ತೆ’ ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ, ಆದರೆ ಅದು ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡವರು ಕಡಿಮೆ. ತಳ್ಳುವಾಗ ಇಂಜಿನ್ ಜೋರಾಗಿ ತಿರುಗುತ್ತದೆ, ಪೆಟ್ರೋಲೂ ಚೆನ್ನಾಗಿ ಬರುತ್ತದೆ, ಹಾಗಾಗಿ ಅದೊಂದೇ ಸಾಕ್ಷ್ಯ ಸಾಲದು ಎನ್ನಬಹುದು. ಒಪ್ಪೋಣ. ಆದರೆ ಹ್ಯಾಂಡಲ್ ಹಾಕಿ ತಿರುಗಿಸುವುದನ್ನು ಯೋಚಿಸಿ. ಹಳೆಯ ಕಾರುಗಳ ಬಂಪರಿನ ನಡುವೆ ಅದಕ್ಕೆಂದೇ ತೂತಿರುತ್ತಿತ್ತು. ಮನುಷ್ಯನ ತೋಳು ಸೆಲ್ಫ್‌ಗಿಂತ ನಿಧಾನವಾಗಿ ಇಂಜಿನ್ ತಿರುಗಿಸುತ್ತದೆ, ಗಾಳಿಯ ಎಳೆತ ಇನ್ನೂ ಕಡಿಮೆ. ಆದರೂ ಸೆಲ್ಫಿಗೆ ಹಿಡಿಯದ ಇಂಜಿನ್ ಹ್ಯಾಂಡಲಿಗೆ ಹಿಡಿಯುತ್ತದೆ. ಹ್ಯಾಂಡಲಿನಿಂದ ಆದ ಲಾಭ ಒಂದೇ ಒಂದು: ಸೆಲ್ಫ್ ನುಂಗುತ್ತಿದ್ದ ಕರೆಂಟು ಉಳಿದು ಕಾಯಿಲ್‌ಗೆ ಪೂರ್ತಿ ಸಿಕ್ಕಿತು. ಒಳ್ಳೆಯ ಬ್ಯಾಟರಿ ನಿಂತಾಗ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಹತ್ತರ ಹತ್ತಿರ ಇಳಿದರೂ ನಡೆಯುತ್ತದೆ. ಸೋತ ಬ್ಯಾಟರಿ ಒಂಬತ್ತಕ್ಕಿಂತ ಕೆಳಗೆ ಕುಸಿಯುತ್ತದೆ. ಸೆಲ್ಫ್ ಆಗಲೂ ತಿರುಗುತ್ತಿರುತ್ತದೆ, ಆದ್ದರಿಂದಲೇ ಬ್ಯಾಟರಿ ಚೆನ್ನಾಗಿದೆ ಎಂಬ ಭ್ರಮೆ. ಆದರೆ ಕಾಯಿಲ್‌ನಿಂದ ಬರುವ ಕಿಡಿ ಬಿಳಿಚಿಕೊಂಡು, ಪೆಟ್ರೋಲಿನಲ್ಲಿ ನೆಂದ ಪ್ಲಗ್ಗನ್ನು ದಾಟಲಾರದೆ ಹೋಗುತ್ತದೆ. (ಹ್ಯಾಂಡಲ್ ತಿರುಗಿಸುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು, ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ.) ಬ್ಯಾಟರಿಯ ತಪ್ಪೂ ಆಗಬೇಕಿಲ್ಲ. ಟರ್ಮಿನಲ್ಲಿನ ಮೇಲೆ ಕೂತ ಬಿಳಿ-ಹಸಿರು ಪುಡಿ, ಇಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿಯ ಸಡಿಲ ಬೋಲ್ಟು ಇಷ್ಟೇ ಸಾಕು.

ಮಾರ್ಗಳಿಯಲ್ಲಿ ಇದಕ್ಕೆ ಇಬ್ಬನಿಯೂ ಸೇರುತ್ತದೆ. ಚಳಿಯ ಹೆಸರಿನಲ್ಲಿ ನಡೆಯುವ ಅನೇಕ ಅನಾಹುತಗಳು ನಿಜವಾಗಿ ತೇವದವು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ, ಪ್ಲಗ್ ವೈರುಗಳ ಮೇಲೆ ಧೂಳು ಮೊದಲೇ ಇರುತ್ತದೆ. ಇಬ್ಬನಿ ಅದನ್ನು ಒದ್ದೆ ಮಾಡಿದರೆ ಸಾವಿರಾರು ವೋಲ್ಟಿನ ಕರೆಂಟಿಗೆ ಪ್ಲಗ್ಗಿಗೆ ಹೋಗುವ ಬದಲು ಮೈಮೇಲೆ ಹರಿದು ಇಂಜಿನ್ನಿನ ಕಬ್ಬಿಣ ಸೇರುವ ಅಡ್ಡದಾರಿ ಸಿಗುತ್ತದೆ. ಬೆಳಕು ಹರಿಯುವ ಮುಂಚೆ ಬಾನೆಟ್ ಎತ್ತಿ, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ದೂರ ನಿಂತು ನೋಡಿದರೆ ವೈರುಗಳ ಮೇಲೆ ನೀಲಿ ಗೆರೆಗಳು ಓಡುವುದು ಕಾಣುತ್ತದೆ. ಔಷಧಿ ಒಣಬಟ್ಟೆ. ಪಕ್ಕದ ತಿರುಪ್ಪೂರಿನ ಬನಿಯನ್ ವೇಸ್ಟ್ ಈ ಸೀಮೆಯ ವರ್ಕ್‌ಶಾಪುಗಳಿಗೆ ಹೊಸದಲ್ಲ. ಅದರ ಒಂದು ತುಂಡಿನಿಂದ ಕ್ಯಾಪಿನ ಒಳಗೂ ಹೊರಗೂ ಒರೆಸಿದರೆ ಎಷ್ಟೋ ಕಾರುಗಳು ಹಿಡಿಯುತ್ತವೆ. ಹಿಡಿಯದಿದ್ದರೆ ಪಾಯಿಂಟು ನೋಡಬೇಕು, ಕಂಡೆನ್ಸರ್ ನೋಡಬೇಕು. ಮದರಾಸಿನ ಪಾಡಿಯ ಲ್ಯೂಕಾಸ್–ಟಿವಿಎಸ್ ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ ಸುಮಾರು 0.4 ಮಿಲಿಮೀಟರ್, ಬೆಂಗಳೂರಿನ ಮೈಕೋ ಪ್ಲಗ್ಗಿಗೆ ಸುಮಾರು 0.6 ಮಿಲಿಮೀಟರ್ ಗ್ಯಾಪ್ ಇಡುತ್ತಿದ್ದರು. ಫೀಲರ್ ಗೇಜ್ ಹಿಡಿದು ಅಳೆಯುವುದು ಐದು ನಿಮಿಷದ ಕೆಲಸ.

ಇನ್ನು ಚೋಕ್. ಇಲ್ಲಿ ಕಾರಿಗಿಂತ ಹೆಚ್ಚಾಗಿ ಮಾತೇ ದಾರಿ ತಪ್ಪಿಸುತ್ತದೆ. ಚೋಕ್ ಎಂದರೆ ಉಸಿರು ಕಟ್ಟಿಸುವುದು. ಆದರೆ ನಮ್ಮ ಹಳೆಯ ಕಾರುಗಳಲ್ಲಿ ಹಲವು ಯಾವ ಉಸಿರನ್ನೂ ಕಟ್ಟಿಸುವುದಿಲ್ಲ. ಡ್ಯಾಶ್‌ಬೋರ್ಡಿನ ನಾಬು ಒಂದೇ ತರಹ ಕಂಡರೂ ಅದರ ಇನ್ನೊಂದು ತುದಿಯಲ್ಲಿ ಮೂರು ಬೇರೆ ಬೇರೆ ಯಂತ್ರಗಳಿವೆ. ಹಳೆಯ ಅಂಬಾಸಡರಿನ ಎಸ್.ಯು. ಕಾರ್ಬೊರೇಟರಿನಲ್ಲಿ ನಾಬು ಎಳೆದರೆ ಜೆಟ್ಟೇ ಕೆಳಗಿಳಿಯುತ್ತದೆ; ಮೊನಚಾದ ಸೂಜಿಯ ಸುತ್ತ ಸಂದು ಅಗಲವಾಗಿ ಪೆಟ್ರೋಲ್ ಹೆಚ್ಚು ಬರುತ್ತದೆ. ಎಳೆತದ ಮೊದಲ ಭಾಗದಲ್ಲಿ ಜೆಟ್ ಅಲುಗುವುದೂ ಇಲ್ಲ, ಥ್ರಾಟಲ್ ಮಾತ್ರ ಸ್ವಲ್ಪ ತೆರೆಯುತ್ತದೆ. ಹಾಗಾಗಿ ನಾಬನ್ನು ಅರ್ಧ ಎಳೆದವರು ಚೋಕ್ ಹಾಕಿದ್ದೇವೆಂದು ತಿಳಿದಿರುತ್ತಾರೆ, ಹಾಕಿರುವುದಿಲ್ಲ. ಈ ಕಾರ್ಬೊರೇಟರಿಗೆ ಆಕ್ಸಿಲರೇಟರ್ ಪಂಪೂ ಇಲ್ಲ. ಸ್ಟಾರ್ಟಿಗೆ ಮುಂಚೆ ಪೆಡಲನ್ನು ಹತ್ತು ಸಲ ತುಳಿದರೂ ಒಂದು ಹನಿ ಪೆಟ್ರೋಲ್ ಹೆಚ್ಚು ಬರುವುದಿಲ್ಲ. ನಂತರದ ಅಂಬಾಸಡರುಗಳಿಗೆ, ಪ್ರೀಮಿಯರ್ ಪದ್ಮಿನಿ ಕಾರುಗಳಿಗೆ ಬಂದ ಸೋಲೆಕ್ಸ್ ಇನ್ನೂ ಬೇರೆ. ಅದರ ಪಕ್ಕದಲ್ಲಿ ಸ್ಟಾರ್ಟಿಗೆಂದೇ ಒಂದು ಪುಟ್ಟ ಪ್ರತ್ಯೇಕ ಕಾರ್ಬೊರೇಟರ್ ಇದ್ದಂತೆ: ತೂತುಗಳಿರುವ ಒಂದು ಚಪ್ಪಟೆ ಬಿಲ್ಲೆ ತಿರುಗಿ, ಪೆಟ್ರೋಲು-ಗಾಳಿಗಳ ಹದವಾದ ದಾರಿಯನ್ನು ಥ್ರಾಟಲಿನ ಕೆಳಭಾಗಕ್ಕೆ ತೆರೆಯುತ್ತದೆ. ಅಲ್ಲಿ ಎಳೆತ ಹುಟ್ಟಬೇಕಾದರೆ ಥ್ರಾಟಲ್ ಮುಚ್ಚಿರಲೇಬೇಕು. ಕಾಲು ಆಕ್ಸಿಲರೇಟರಿನ ಮೇಲೆ ಬಿತ್ತೆಂದರೆ ಎಳೆತ ಹೋಯಿತು, ಸ್ಟಾರ್ಟರ್ ದಾರಿ ಒಣಗಿತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಮಾತ್ರ ಹೆಸರಿಗೆ ತಕ್ಕ ಚೋಕ್: ಬಾಯಿಗೆ ಅಡ್ಡ ಬರುವ ತಗಡಿನ ಮುಚ್ಚಳ. ಅಲ್ಲಿ ಪೆಡಲನ್ನು ಒಂದೆರಡು ಸಲ ತುಳಿದರೆ ಪಂಪಿನಿಂದ ಪೆಟ್ರೋಲ್ ಚಿಮ್ಮಿ ಸಹಾಯವಾಗುತ್ತದೆ, ಐದಾರು ಸಲ ತುಳಿದರೆ ಓವರ್‌ಫ್ಲೋ ಆಗುತ್ತದೆ. ಮಾರುತಿಯಲ್ಲಿ ಕಲಿತ ಕಾಲು ಸೋಲೆಕ್ಸ್ ಇರುವ ಪದ್ಮಿನಿಯನ್ನು ಹಾಳುಮಾಡುವುದು ಹೀಗೆ. ಒಂದು ಕಾರಿನ ಸರಿಯಾದ ಅಭ್ಯಾಸ ಇನ್ನೊಂದು ಕಾರಿನ ರೋಗ. ಹಳೆಯ ಕಾರು ಕೊಂಡವರಿಗೆ ಅದರ ಬಣ್ಣ, ಕ್ರೋಮು, ಸೀಟಿನ ಬಟ್ಟೆಗಿಂತ ಮೊದಲು ಇದನ್ನು ಹೇಳಿಕೊಡಬೇಕೆಂದು ನನಗೆ ತುಂಬ ಅನ್ನಿಸುತ್ತದೆ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಹೀಗಿದೆ: ಒಮ್ಮೆ ಬಿಸಿಯಾದ ಮೇಲೆ ಕಾರು ದಿನವಿಡೀ ಚೆನ್ನಾಗಿ ಓಡುತ್ತದೆ, ಮಧ್ಯಾಹ್ನ ಒಂದೇ ಏಟಿಗೆ ಹಿಡಿಯುತ್ತದೆ; ಬ್ಯಾಟರಿಯೋ ಪಾಯಿಂಟೋ ಕೆಟ್ಟಿದ್ದರೆ ಆಗಲೂ ತೊಂದರೆ ಕೊಡಬೇಕಲ್ಲವೇ? ನೋಡಲು ಬಲವಾದ ಮಾತು. ಆದರೆ ಅದು ಬೆಳಗಿನ ಮೊದಲ ಸ್ಟಾರ್ಟನ್ನು ಉಳಿದ ಸ್ಟಾರ್ಟುಗಳಿಗೆ ಸಮ ಎಂದು ಭಾವಿಸುತ್ತದೆ. ಬೆಳಗಿನ ಮೊದಲ ಸ್ಟಾರ್ಟ್ ಇಂಜಿನ್ನಿನ ಎಲ್ಲ ಅಂಗಗಳಿಂದ ಒಂದೇ ಗಳಿಗೆಯಲ್ಲಿ ಅತಿ ಹೆಚ್ಚು ಕೇಳುತ್ತದೆ: ಪೂರ್ತಿ ವೋಲ್ಟೇಜು, ಬಲವಾದ ಕಿಡಿ, ತುಂಬಿದ ಬಟ್ಟಲು, ಒಳ್ಳೆಯ ಕಂಪ್ರೆಶನ್ನು. ಮಧ್ಯಾಹ್ನ ಆಯಿಲ್ ತೆಳುವಾಗಿರುತ್ತದೆ, ಮ್ಯಾನಿಫೋಲ್ಡ್ ಬಿಸಿಯಾಗಿರುತ್ತದೆ, ಡೈನಮೋ ಬ್ಯಾಟರಿಯನ್ನು ಆಗಷ್ಟೇ ತುಂಬಿರುತ್ತದೆ, ಪಂಪಿನಲ್ಲಿ ಪೆಟ್ರೋಲ್ ಇರುತ್ತದೆ. ಆಗ ಸಣ್ಣ ದೋಷಗಳೆಲ್ಲ ಕ್ಷಮೆ ಪಡೆಯುತ್ತವೆ. ದುರ್ಬಲ ಮೊಣಕಾಲಿನವರು ಸಮತಟ್ಟು ನೆಲದ ಮೇಲೆ ದಿನವಿಡೀ ನಡೆದಾರು, ಬೆಳಗ್ಗೆ ಎದ್ದು ಮೊದಲ ಮೆಟ್ಟಿಲು ಹತ್ತುವಾಗ ಮಾತ್ರ ಗೋಡೆ ಹಿಡಿಯುತ್ತಾರೆ.

ಎರಡನೆಯ ಆಕ್ಷೇಪ ಬೆಟ್ಟದ್ದು. ಅನ್ನೂರಿನಿಂದ ಒಂದು ದಾರಿ ಮೇಟ್ಟುಪ್ಪಾಳಯದ ಮೂಲಕ ಊಟಿಗೆ ಏರುತ್ತದೆ. ಇನ್ನೊಂದು ಸತ್ಯಮಂಗಲದ ಮೂಲಕ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಹತ್ತಿ ಚಾಮರಾಜನಗರದ ಸೀಮೆಗೆ ಬರುತ್ತದೆ. ಊಟಿಯಲ್ಲಿ ಜನವರಿಯ ರಾತ್ರಿ ಮಂಜು ಹೆಪ್ಪುಗಟ್ಟುವುದುಂಟು. ಅಲ್ಲಿ ಹಿಡಿಯದ ಕಾರಿಗೂ ಚಳಿ ಕಾರಣವಲ್ಲವೇ? ಅಲ್ಲಿ ಹೌದು. ಸೊನ್ನೆಯ ಹತ್ತಿರ ಬ್ಯಾಟರಿ, ಆಯಿಲ್, ಪೆಟ್ರೋಲಿನ ಆವಿ ಮೂರೂ ನಿಜವಾಗಿ ಸೋಲುತ್ತವೆ. ಆದರೆ 2240 ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಐದನೆಯ ಒಂದು ಭಾಗ ತೆಳುವಾಗುವುದರಿಂದ ಬಯಲಿಗೆ ಹೊಂದಿಸಿದ ಮಿಶ್ರಣ ತಾನಾಗಿಯೇ ಗಟ್ಟಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಅಲ್ಲಿ ಹಿಡಿದ ಇಂಜಿನ್ನಿಗೆ ಚೋಕನ್ನು ಬೇಗ ಒಳಗೆ ತಳ್ಳದಿದ್ದರೆ ಪ್ಲಗ್ಗುಗಳು ಮಸಿಯಾಗುತ್ತವೆ, ಮರುದಿನದ ತೊಂದರೆಗೆ ಅಂದೇ ಬೀಜ ಬೀಳುತ್ತದೆ. ಈ ಆಕ್ಷೇಪ ನನ್ನ ವಾದಕ್ಕೆ ಒಂದು ಅಳತೆಗೋಲನ್ನೇ ಕೊಡುತ್ತದೆ. ಅನ್ನೂರಿನಲ್ಲಿ ದಿನವೂ ಸಲೀಸಾಗಿ ಹಿಡಿದು ಊಟಿಯಲ್ಲಿ ಮಾತ್ರ ಹಟ ಮಾಡುವ ಕಾರಿಗೆ ಚಳಿಯಾಗಿದೆ. ಅನ್ನೂರಿನಲ್ಲೇ ಹಟ ಮಾಡುವ ಕಾರಿಗೆ ಚಳಿಯಾಗಿಲ್ಲ.

ಮೂರನೆಯದು ಹೊಸ ಪೆಟ್ರೋಲಿನದು, ಇದನ್ನು ತಳ್ಳಿಹಾಕಲಾಗದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಬಂಕುಗಳಲ್ಲೆಲ್ಲ ಬಂದಿದೆ. ಎಥನಾಲ್ ಪೂರ್ತಿ ಉರಿಯಲು ಒಂದಕ್ಕೆ ಒಂಬತ್ತು ಪಾಲು ಗಾಳಿ ಸಾಕು. ಆದ್ದರಿಂದ ಬೆರಕೆಯ ಪೆಟ್ರೋಲಿಗೆ ಬೇಕಾದ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಜೆಟ್ಟಿಗೆ ಈ ಲೆಕ್ಕ ಗೊತ್ತಿಲ್ಲ. ಅದು ಹಿಂದಿನಷ್ಟೇ ಅಳೆದು ಕೊಡುತ್ತದೆ, ಮಿಶ್ರಣ ಶೇ. 8ರಷ್ಟು ತೆಳುವಾಗುತ್ತದೆ. ಆವಿಯಾಗಲು ಎಥನಾಲ್ ಹೆಚ್ಚು ಶಾಖವನ್ನೂ ಎಳೆದುಕೊಳ್ಳುತ್ತದೆ. ಹಿಂದೆ ಅರ್ಧ ಚೋಕಿಗೆ ಹಿಡಿಯುತ್ತಿದ್ದ ಕಾರು ಈಗ ಪೂರ್ತಿ ಚೋಕು ಕೇಳಿದರೆ ಆಶ್ಚರ್ಯವಿಲ್ಲ. ಇಷ್ಟನ್ನು ಒಪ್ಪಿದ ಮೇಲೂ ಎಥನಾಲಿನ ದೊಡ್ಡ ಹಾನಿ ಬೇರೆ ಕಡೆ ಇದೆ ಎನ್ನಬೇಕು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಹಳೆಯ ರಬ್ಬರನ್ನು ಉಬ್ಬಿಸಿ, ಬಿರುಕು ಬಿಡಿಸುತ್ತದೆ; ಟ್ಯಾಂಕಿನ ಹಳೆಯ ತುಕ್ಕನ್ನು ಸಡಿಲಿಸಿ ಮುಂದಕ್ಕೆ ಕಳಿಸುತ್ತದೆ. ಪಂಪಿನ ಡಯಾಫ್ರಮ್ಮು, ಹೋಸು, ಫಿಲ್ಟರು ಇವೇ ಮೊದಲ ಬಲಿ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿರುವ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ನಿಂತಿದ್ದರೆ ಪೆಟ್ರೋಲ್ ಬಸಿದು ತೆಗೆಯುವುದೊಂದೇ ದಾರಿ; ಚೋಕ್, ಜೆಟ್ ಯಾವುದೂ ಅಲ್ಲಿ ನೆರವಿಗೆ ಬರುವುದಿಲ್ಲ.

ಕೊನೆಯ ಆಕ್ಷೇಪ ಮೆಕ್ಯಾನಿಕ್ಕರದು, ಅದನ್ನು ಗೌರವದಿಂದಲೇ ಎತ್ತಿಕೊಳ್ಳಬೇಕು. ಕೊಯಮತ್ತೂರಿನ ಉದ್ಯಮಿ ಜಿ.ಡಿ. ನಾಯ್ಡು ಅವರು 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಬಸ್ಸು ಓಡಿಸಲು ಆರಂಭಿಸಿದ ಸೀಮೆ ಇದು. ಇಲ್ಲಿನ ಕೈಗಳಿಗೆ ನೂರು ವರ್ಷದ ಪಳಗಿಕೆ ಇದೆ. ಅವರು ಹೇಳುವುದು: ಕಾರ್ಬೊರೇಟರ್ ತೊಳೆದು ಹಾಕಿದರೆ ಕಾರು ಹಿಡಿಯುತ್ತದೆ, ಕಣ್ಣಾರೆ ಕಂಡಿದ್ದೇವೆ. ಹಿಡಿಯುತ್ತದೆ, ನಿಜ. ಆದರೆ ತೊಳೆಯುವ ಒಂದು ಗಂಟೆಯಲ್ಲಿ ಇನ್ನೇನೇನು ಆಯಿತೆಂದು ಎಣಿಸಬೇಕು. ಬಟ್ಟಲು ಕೈಯಿಂದ ತುಂಬಿತು. ಒದ್ದೆಯಾದ ಪ್ಲಗ್ಗುಗಳು ಒಣಗಿದವು. ಬ್ಯಾಟರಿ ದಣಿವಾರಿಸಿಕೊಂಡಿತು. ಬಿಸಿಲೇರಿ ಇಬ್ಬನಿ ಆರಿತು. ಇಷ್ಟೂ ಕೆಲಸವನ್ನು ಸಮಯ ಮಾಡಿತು, ಕೀರ್ತಿ ತೊಳೆದದ್ದಕ್ಕೆ ಬಂತು. ಮೂರು ದಿನದ ಮೇಲೆ ಅದೇ ಕಾರು ಅದೇ ಹೊತ್ತಿಗೆ ಮತ್ತೆ ಹಿಡಿಯುವುದಿಲ್ಲ. ಜೆಟ್ಟಿನಲ್ಲಿ ಕಸ ಕೂತಿದ್ದರೆ ತೊಳೆಯಬೇಕು, ನೀಡಲ್ ವಾಲ್ವು ಸವೆದು ಪೆಟ್ರೋಲ್ ಉಕ್ಕುತ್ತಿದ್ದರೆ ಬದಲಿಸಬೇಕು, ಇದರಲ್ಲಿ ವಾದವಿಲ್ಲ. ನನ್ನ ತಕರಾರು ಕಾರಣ ತಿಳಿಯದೆ ಪದೇ ಪದೇ ಬಿಚ್ಚುವುದರ ಬಗ್ಗೆ. ಹಿತ್ತಾಳೆಯ ಜೆಟ್ ಮೆದುವಾದದ್ದು; ಗಾಳಿ ಊದಿ ಸ್ವಚ್ಛಮಾಡಬೇಕಾದ ತೂತಿಗೆ ತಂತಿ ಹಾಕಿ ಕೆದಕಿದರೆ ಅಳತೆಯೇ ಹೋಗುತ್ತದೆ. ಮೆದು ಲೋಹದ ಸ್ಕ್ರೂ ಥ್ರೆಡ್ಡು ಸವೆಯುತ್ತದೆ, ಮೇಲ್ಮುಚ್ಚಳ ಬಗ್ಗುತ್ತದೆ, ಗ್ಯಾಸ್ಕೆಟ್ ಹರಿದು ಅಲ್ಲಿಂದ ಗಾಳಿ ನುಗ್ಗುತ್ತದೆ. 2014ರಲ್ಲಿ ಅಂಬಾಸಡರಿನ ತಯಾರಿಕೆಯೇ ನಿಂತುಹೋಗಿದೆ. ಇಂದು ಹಾಳಾದ ಪ್ರತಿಯೊಂದು ಕಾರ್ಬೊರೇಟರು ಲೆಕ್ಕದಿಂದ ಒಂದು ಕಡಿಮೆಯಾದಂತೆ. ಚಳಿಗೆ ನಿಜವಾಗಿಯೂ ಸ್ವಲ್ಪ ಸಂಬಂಧವಿರುವ ಇನ್ನೊಂದು ರೋಗ ರಿಂಗುಗಳ, ವಾಲ್ವುಗಳ ಸವೆತ. ತಣ್ಣಗಿದ್ದಾಗ ಕಂಪ್ರೆಶನ್ ಸೋರಿ, ಬಿಸಿಯಾದ ಮೇಲೆ ಸ್ವಲ್ಪ ಕೂಡಿಕೊಳ್ಳುತ್ತದೆ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಅಳೆದಾಗ ಕಂಪ್ರೆಶನ್ ಏರಿದರೆ ರಿಂಗು, ಏರದಿದ್ದರೆ ವಾಲ್ವು. ಅದಕ್ಕೂ ಕಾರ್ಬೊರೇಟರಿಗೂ ಏನೂ ಸಂಬಂಧವಿಲ್ಲ.

ಬ್ಯಾಟರಿ ಸರಿಯಿದೆ, ಕಿಡಿ ನೀಲಿಯಾಗಿ ಹಾರುತ್ತಿದೆ, ಬಟ್ಟಲು ತುಂಬಿದೆ, ಕಂಪ್ರೆಶನ್ ಚೆನ್ನಾಗಿದೆ, ಆದರೂ ಇಂಜಿನ್ ಹಿಡಿಯುತ್ತಿಲ್ಲ ಎಂದಾದರೆ ಕಾರ್ಬೊರೇಟರಿನ ಸರದಿ ಬಂತು. ಆಗಲೂ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮುಂಚೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಚೋಕ್ ನಾಬನ್ನು ಪೂರ್ತಿ ಎಳೆಯಲಿ. ಇನ್ನೊಬ್ಬರು ಏರ್ ಫಿಲ್ಟರ್ ತೆಗೆದು ಕೇಬಲಿನ ಆಚೆ ತುದಿಯ ಲಿವರನ್ನು ನೋಡಲಿ. ವರ್ಷಗಟ್ಟಲೆ ಎಳೆದ ಕೇಬಲಿನ ಹೊರಕವಚ ಕ್ಲಿಪ್ಪಿನಿಂದ ಜಾರಿದ್ದರೆ, ಒಳಗಿನ ತಂತಿ ಸಡಿಲವಾಗಿದ್ದರೆ, ನಾಬು ಕೈಗೆ ಪೂರ್ತಿ ಬಂದರೂ ಆ ಲಿವರ್ ಅರ್ಧದಲ್ಲೇ ನಿಂತಿರುತ್ತದೆ. ಕ್ಲಿಪ್ಪಿನ ಸ್ಕ್ರೂ ಸಡಿಲಿಸಿ, ಲಿವರನ್ನು ಕೊನೆಯವರೆಗೆ ತಳ್ಳಿ, ಕವಚವನ್ನು ಮತ್ತೆ ಬಿಗಿಮಾಡಿ, ಇನ್ನೊಮ್ಮೆ ಸೆಲ್ಫ್ ಹೊಡೆದು ನೋಡಬೇಕು.